ಎಡಕ್ಕೆ ಯಾರನ್ನೂ ಕೂರಿಸದ ಅಣ್ಣ

ಟೇಬಲ್ಲಿನ ಎಡಗಡೆ ಚಹಾದ ಕಪ್ಪು ಇಟ್ಟರೆ ಅಣ್ಣ ಬರೀ ಕಣ್ಣು ಹೊರಳಿಸಿ ನೋಡುತ್ತಿರಲಿಲ್ಲ. ಹುಂಜ ಕಾಳು ನೋಡುವ ಹಾಗೆ ಇಡೀ ಕತ್ತನ್ನೇ ಆ ಕಡೆ ತಿರುಗಿಸಿ, ಕಪ್ಪನ್ನು ಬಲಗಡೆಗೆ ಎಳೆದುಕೊಂಡು, ಆಮೇಲೆ ಕುಡಿಯುತ್ತಿದ್ದರು. ಮೈದಾನದಲ್ಲೂ ಹಾಗೆಯೇ ಕತ್ತು ತಿರುಗಿಸುತ್ತಾ ಓಡುತ್ತಿದ್ದರು. ಕಾಲೊನಿಯ ಹುಡುಗರು ಅದನ್ನು ದೊಡ್ಡ ಸ್ಟೈಲ್ ಅಂದುಕೊಂಡು ನಕಲು ಮಾಡುತ್ತಿದ್ದರು. ನಾನು ಅದನ್ನು ಸೊಕ್ಕು ಅಂದುಕೊಂಡಿದ್ದೆ.

ಅಣ್ಣ ಅಂದರೆ ನನ್ನ ಒಡಹುಟ್ಟಿದವರಲ್ಲ. ಹೈದರಾಬಾದಿನ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಫುಟ್‌ಬಾಲ್ ಆಡುತ್ತೇವೆಂದು ನೌಕರಿ ಸಿಕ್ಕಿದವರು ನಾವಿಬ್ಬರೂ. ಅವರು ಗದಗದ ಕಡೆಯವರು, ನಾನು ಬೀದರಿನವನು. ಅವರು ಗೋಲು ಹೊಡೆಯುವ ಸ್ಟ್ರೈಕರ್. ನಾನು ಅವರ ಎಡಬದಿಗೆ ಓಡುವ ವಿಂಗರ್, ಅವರಿಗಿಂತ ಆರು ವರ್ಷ ಚಿಕ್ಕವನು. ಊರು ಬಿಟ್ಟು ಬಂದ ನನಗೆ ಮೊದಲ ತಿಂಗಳು ರೊಟ್ಟಿ, ಶೇಂಗಾ ಚಟ್ನಿ ಹಾಕಿ ಸಾಕಿದ್ದು ಅವರ ಮನೆಯೇ. ಅವರ ಹೆಂಡತಿಯನ್ನು ಅಂದಿನಿಂದ ಸ್ವಂತ ಅತ್ತಿಗೆಯಂತೆ ವೈನಿ ಎಂದೇ ಕರೆದವನು ನಾನು.

ಮೈದಾನಕ್ಕಿಳಿದರೆ ಮಾತ್ರ ನಮ್ಮಿಬ್ಬರಿಗೂ ಆಗುತ್ತಿರಲಿಲ್ಲ. ಚೆಂಡು ಕೊಡಿ ಎಂದು ನಾನು ಕೈ ಎತ್ತಿದರೆ ಅಣ್ಣ ಸಿಡುಕುತ್ತಿದ್ದರು.

“ಕೈ ಎತ್ತಬ್ಯಾಡ ತಮ್ಮಾ, ಒದರು! ಬಸ್ಸು ನಿಲ್ಲಸಾಕತ್ತಿಯೇನು?”

ಇಡೀ ತಂಡ ನಗುತ್ತಿತ್ತು. ನನಗೋ ಮೈಯೆಲ್ಲ ಉರಿಯುತ್ತಿತ್ತು. ಕಣ್ಣೆದುರಿಗೆ ಓಡುತ್ತಿರುವವನು ಕಾಣುವುದಿಲ್ಲವೇ, ಸಂತೆಯಲ್ಲಿ ಕೂಗಿದಂತೆ ಕೂಗಿ ಬೇಡಬೇಕೇ ಎಂದು ಹಟ ಹಿಡಿದೆ. ಅವರು ಒದರು ಅಂದಷ್ಟೂ ನಾನು ಬಾಯಿ ಬಿಗಿದುಕೊಂಡೆ.

ಆ ಹಟಕ್ಕೆ ಬೆಲೆ ತೆರಬೇಕಾಗಿ ಬಂದದ್ದು ಒಂದು ಫೈನಲ್ಲಿನಲ್ಲಿ. ರಾಜ್ಯ ತಂಡಕ್ಕೆ ಹುಡುಗರನ್ನು ಆರಿಸುವವರು ಅವತ್ತು ಗೆರೆಯ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು. ಕೊನೆಯ ನಿಮಿಷಗಳು. ಚೆಂಡು ಅಣ್ಣನ ಕಾಲಲ್ಲಿತ್ತು, ಎದುರಿಗೆ ಇಬ್ಬರು ಡಿಫೆಂಡರುಗಳು. ಎಡಗಡೆ ನಾನೊಬ್ಬನೇ, ನನ್ನ ಮುಂದೆ ಯಾರೂ ಇಲ್ಲ. ಕೈ ಎತ್ತಿದೆ. ಎರಡೂ ಕೈ ಎತ್ತಿದೆ. ಅಣ್ಣ ತಿರುಗಿಯೂ ನೋಡದೆ ತಾವೇ ಹೊಡೆದರು. ಚೆಂಡು ಕಂಬದ ಮೇಲಿಂದ ಹಾರಿ ಹೋಯಿತು. ನಾವು ಸೋತೆವು, ಆರಿಸುವವರು ಕುರ್ಚಿಯಿಂದ ಎದ್ದು ಹೋದರು. ಮತ್ತೆಂದೂ ನನ್ನನ್ನು ನೋಡಲು ಯಾರೂ ಬರಲಿಲ್ಲ.

ಮರುದಿನ ಕೋಚ್ ಹತ್ತಿರ ಹೋಗಿ ಬಾಯಿಗೆ ಬಂದದ್ದೆಲ್ಲ ಅಂದೆ. ಸ್ವಾರ್ಥಿ, ಹೊಟ್ಟೆಕಿಚ್ಚಿನವನು, ನಾನು ಮುಂದೆ ಬರಬಾರದೆಂದೇ ಚೆಂಡು ಕೊಡಲಿಲ್ಲ ಎಂದೆ. ಕೋಚಿಗೂ ಅಣ್ಣನ ಮೇಲೆ ಅದೇ ಅನುಮಾನವಿತ್ತೋ ಏನೋ, ಮುಂದಿನ ಸೀಸನ್ನಿನಲ್ಲಿ ಅವರನ್ನು ಬೆಂಚಿನ ಮೇಲೆ ಕೂರಿಸಿದರು. ವರ್ಷ ತುಂಬುವುದರೊಳಗೆ ಅಣ್ಣ ಬೂಟು ಬಿಚ್ಚಿಟ್ಟು ಸ್ಟೋರ್ಸ್ ವಿಭಾಗಕ್ಕೆ ಹೋದರು. ನಾನು ಒಳಗೊಳಗೇ ಸರಿಯಾಯಿತು ಅಂದುಕೊಂಡೆ. ಈಗ ಬರೆಯುವಾಗ ನಾಚಿಕೆಯಾಗುತ್ತದೆ, ಆದರೆ ಅಂದುಕೊಂಡದ್ದು ನಿಜ.

ರಿಟೈರ್ ಆದ ಮೇಲೆ ತೆಲುಗು ಚಾನೆಲ್ಲೊಂದು ಅವರನ್ನು ಫುಟ್‌ಬಾಲ್ ವಿಶ್ಲೇಷಣೆಗೆ ಕರೆಯಿತು. ಅವರ ಗದಗದ ನಾಲಗೆಯ ತೆಲುಗು ಅಲ್ಲಿನ ಜನರಿಗೆ ಹಿಡಿಸಿಬಿಟ್ಟಿತು. ಕೂಕಟ್‌ಪಲ್ಲಿಯ ಚಹಾದಂಗಡಿಯಲ್ಲೂ ಗುರುತು ಹಿಡಿದು ಸೆಲ್ಫಿ ಕೇಳುತ್ತಿದ್ದರು. ಸ್ಟುಡಿಯೋದಲ್ಲಿ ಅವರದು ಯಾವಾಗಲೂ ಒಂದೇ ತುದಿಯ ಕುರ್ಚಿ. ಎಡಕ್ಕೆ ಗೋಡೆ, ಉಳಿದವರೆಲ್ಲ ಬಲಕ್ಕೆ. ಯಾವನೋ ಸ್ಟ್ರೈಕರ್ ಪಕ್ಕದವನಿಗೆ ಚೆಂಡು ಕೊಡಲಿಲ್ಲವೆಂದು ಉಳಿದವರು ಬೈದರೆ ಅಣ್ಣ ಮೊದಲು ಕೇಳುತ್ತಿದ್ದದ್ದು, “ಪಿಲಿಚಾಡಾ?” ಪಕ್ಕದವನು ಕೂಗಿ ಕರೆದನೇ ಅಂತ. ಜನ ಅದನ್ನು ಹಿಡಿದು ಜೋಕು ಮಾಡಿ ಫೋನಿನಿಂದ ಫೋನಿಗೆ ಕಳಿಸುತ್ತಿದ್ದರು. ತನ್ನ ತಪ್ಪು ಮುಚ್ಚಿಕೊಳ್ಳಲು ಮುದುಕ ಇನ್ನೂ ವಕಾಲತ್ತು ಮಾಡುತ್ತಿದ್ದಾನೆ ಎಂದು ನಾನು ಟಿವಿ ಮುಂದೆ ಕೂತು ಗೊಣಗುತ್ತಿದ್ದೆ.

ಹಾಗೆಂದು ಮಾತು ಬಿಟ್ಟಿರಲಿಲ್ಲ. ಲಿಂಗಂಪಲ್ಲಿಯಲ್ಲಿ ಅವರದೂ ನಮ್ಮದೂ ಒಂದೇ ಬೀದಿಯ ಫ್ಲಾಟು. ದಿನಾ ಬೆಳಿಗ್ಗೆ ಜೊತೆಗೇ ವಾಕಿಂಗ್. ನಾನು ಎಡಕ್ಕೆ ಬಂದರೆ ರಟ್ಟೆ ಹಿಡಿದು, “ಈ ಕಡೆ ಬಾರಪಾ” ಎಂದು ಬಲಕ್ಕೆ ಎಳೆದುಕೊಳ್ಳುತ್ತಿದ್ದರು. ಆ ಫೈನಲ್ಲಿನ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಹೋದ ವರ್ಷ ಒಂದು ಬೆಳಿಗ್ಗೆ ಅಣ್ಣ ವಾಕಿಂಗಿಗೆ ಬರಲಿಲ್ಲ. ಬಚ್ಚಲಿನಿಂದ ಬಂದವರು ಎದೆ ಹಿಡಿದುಕೊಂಡು ಕೂತರಂತೆ, ಡಾಕ್ಟರ್ ಬರುವ ಹೊತ್ತಿಗೆ ಮುಗಿದಿತ್ತು. ಕಣ್ಣು ದಾನ ಮಾಡಬೇಕೆಂದು ಮೊದಲೇ ಬರೆದುಕೊಟ್ಟಿದ್ದರು. ಆಸ್ಪತ್ರೆಯಿಂದ ಇಬ್ಬರು ಡಬ್ಬಿ ಹಿಡಿದು ಬಂದು ತೆಲುಗಿನಲ್ಲಿ ಅದೂ ಇದೂ ಕೇಳತೊಡಗಿದರು. ಇಷ್ಟು ವರ್ಷ ಇಲ್ಲಿದ್ದರೂ ಅವತ್ತು ವೈನಿಯ ಬಾಯಿಂದ ಕನ್ನಡ ಬಿಟ್ಟು ಬೇರೇನೂ ಹೊರಡಲಿಲ್ಲ. ಪಕ್ಕದಲ್ಲಿ ಕೂತು ನಾನೇ ತೆಲುಗಿನಲ್ಲಿ ಹೇಳುತ್ತಾ ಹೋದೆ. ಸಕ್ಕರೆ ಕಾಯಿಲೆ ಇತ್ತೇ, ಇಲ್ಲ. ಕಣ್ಣಿನ ಆಪರೇಷನ್ ಆಗಿತ್ತೇ, ಇಲ್ಲ. ಆಗ ವೈನಿ ಅಂದರು:

“ಎಡಗಣ್ಣು ಅವರಿಗೆ ಹುಟ್ಟಾ ಕಾಣ್ತಿದ್ದಿಲ್ಲ. ಒಳಗಿನ ನರ ಸತ್ತಾವಂತ. ಅದು ನಡೀತೈತೇನು, ಕೇಳ್ರಿ.”

ಹಿಂದಿನ ಮಾತುಗಳಂತೆ ಇದನ್ನೂ ಹೇಳಲು ಹೊರಟೆ. “ಎಡಮ ಕನ್ನು...” ಅಷ್ಟೇ. ಆ ಫೈನಲ್ಲಿನಲ್ಲಿ ಎತ್ತಿದ ನನ್ನ ಎರಡೂ ಕೈ ಕಣ್ಣ ಮುಂದೆ ಬಂದವು.

ಬಂದವರಿಗೆ ವಾಕ್ಯ ಮುಗಿಯುವುದು ಬೇಕಿರಲಿಲ್ಲ. ಅವರಲ್ಲೊಬ್ಬ, “ಪರ್ವಾಲೇದಂಡಿ” ಎಂದ. ತೊಂದರೆಯಿಲ್ಲ, ನಮಗೆ ಬೇಕಾದದ್ದು ಕಣ್ಣಿನ ಮುಂದಿನ ಪದರ ಮಾತ್ರ, ಅದು ಚೆನ್ನಾಗಿದ್ದರೆ ಇನ್ನೊಬ್ಬರಿಗೆ ಹಾಕಬಹುದು, ಅವರಿಗೆ ಕಾಣುತ್ತದೆ ಎಂದ.

ಅವರು ಒಳಗೆ ಹೋದ ಮೇಲೆ ಕೇಳಿದೆ. “ವೈನಿ, ನೌಕರಿಗೆ ಸೇರುವಾಗ ಕಣ್ಣಿನ ಪರೀಕ್ಷೆ ಇತ್ತಲ್ಲರೀ?”

“ಸಾಲಿನ್ಯಾಗ ಎಲ್ಲಾರಿಗಿಂತ ಹಿಂದ ನಿಂತಿದ್ರಂತ. ಮುಂದಿನವರು ಓದೋದು ಕೇಳಿ ಕೇಳಿ ಅಕ್ಷರೆಲ್ಲಾ ಬಾಯಿಪಾಠ ಆಗಿದ್ವಂತ. ಗೊತ್ತಾಗಿದ್ರ ಆಟಾನೂ ಇಲ್ಲ, ನೌಕರೀನೂ ಇಲ್ಲ. ನನಗೂ ಲಗ್ನ ಆಗಿ ವರ್ಷ ಆದ ಮ್ಯಾಲೆ ಹೇಳಿದ್ರು.”

“ರಿಟೈರ್ ಆದ ಮ್ಯಾಲಾದ್ರೂ ನನಗ ಹೇಳಬಾರದಿತ್ತೇನ್ರಿ?”

ವೈನಿ ಸೆರಗಿನಿಂದ ಮುಖ ಒರೆಸಿಕೊಂಡರು. “ಕೋಚ್ ಹಂತ್ಯಾಕ ಹೋಗಿ ನೀವು ಹೇಳಿದ್ದು ಅವರಿಗೆ ಗೊತ್ತಿತ್ರಿ. ‘ಅಂವಾ ಹೇಳಿದ್ರಾಗ ಸುಳ್ಳೇನೈತಿ, ನಾ ಅವನ್ನ ನೋಡೇ ಇಲ್ಲಲ್ಲ’ ಅಂತಿದ್ರು. ಈಗ ಕಣ್ಣಿನ ವಿಷಯ ಹೇಳಿದ್ರ ತಮ್ಮ ಭಾಳ ಕೊರಗತಾನ, ಬ್ಯಾಡ ಅಂದ್ರು.”

ನನಗೆ ಅಳು ಬರಲಿಲ್ಲ. ವರ್ಷಾನುಗಟ್ಟಲೆ ಆ ಮನುಷ್ಯ ಟಿವಿಯಲ್ಲಿ ಕೂತು ಕೇಳುತ್ತಿದ್ದ ಒಂದೇ ಪ್ರಶ್ನೆಗೆ ಉತ್ತರ ನನ್ನ ಹತ್ತಿರವಿತ್ತು. ಇಲ್ಲ ಅಣ್ಣಾ, ನಾನು ಕರೆಯಲಿಲ್ಲ.

ಮಧ್ಯಾಹ್ನ ಹೊರಡಿಸುವ ಹೊತ್ತಿಗೆ ಹಳೆಯ ತಂಡದವರು ಹೆಗಲು ಕೊಡಲು ನಿಂತರು. ಬೇಕೆಂದೇ ಎಡಗಡೆಗೆ ಹೋದೆ. ಅಣ್ಣನ ರೆಪ್ಪೆಗಳು ನಿದ್ದೆ ಮಾಡುವವರಂತೆ ಮುಚ್ಚಿದ್ದವು. ಎತ್ತುವ ಮೊದಲು ಬಗ್ಗಿ, ಗಂಟಲು ಹರಿಯುವ ಹಾಗೆ ಒದರಿದೆ.

“ಅಣ್ಣಾ! ಎಡಕ್ಕ ನಾ ಅದೀನ್ರೀ!”

ಬೀದಿಯ ಜನ ಬೆಚ್ಚಿ ತಿರುಗಿದರು. ದುಃಖಕ್ಕೆ ತಲೆ ಕೆಟ್ಟಿದೆ ಎಂದುಕೊಂಡು ಯಾರೋ ನನ್ನ ಬೆನ್ನು ಸವರಿದರು. ಬಾಗಿಲಲ್ಲಿ ನಿಂತಿದ್ದ ವೈನಿ ಮಾತ್ರ ಕೇಳಿಸಿತು ಎನ್ನುವಂತೆ ತಲೆಯಾಡಿಸಿದರು.