ಬೆಂಕಿಯಣ್ಣ ಸಿಗರೇಟು ಬಿಟ್ಟದ್ದು

ಚಳಿಗಾಲದ ಕೊನೆಯ ವಾರ, ಬೆಳಗಿನ ಐದೂ ಮುಕ್ಕಾಲು. ಹಿತ್ತಲ ಬಾಗಿಲಿನ ಚಿಲಕ ಸರಿಯುತ್ತದೆ. ಕಂಬಳಿ ಹೊದ್ದ ಏಳು ಜನ ಒಬ್ಬರ ಹಿಂದೊಬ್ಬರು ಬಂದು ಉದ್ದನೆಯ ಸಿಮೆಂಟು ಬೆಂಚಿನ ಮೇಲೆ ಕೂರುತ್ತಾರೆ. ಎಲ್ಲರ ತುಟಿಯಲ್ಲೂ ಹಚ್ಚದ ಸಿಗರೇಟು. ಬಾಗಿಲು ತೆಗೆದ ಮನುಷ್ಯ ಜೇಬಿನಿಂದ ಬೆಂಕಿಪೊಟ್ಟಣ ತೆಗೆದು ಕಡ್ಡಿ ಗೀರುತ್ತಾನೆ. ಗಾಳಿಗೆ ಕಡ್ಡಿ ಆರುತ್ತದೆ. ಬೆಂಚಿಗೆ ಬೆಂಚೇ ಅವನ ಕಡೆ ತಿರುಗುತ್ತದೆ. ಅವನು ಎರಡನೇ ಕಡ್ಡಿ ಗೀರಿದ್ದನ್ನು ಅಲ್ಲಿ ಯಾರೂ ಕಂಡಿಲ್ಲ. ಅಂದು ಗೀರುತ್ತಾನೆ. ಮೊದಲು ಕೂತವನ ಸಿಗರೇಟಿಗೆ ಹಿಡಿಯುತ್ತಾನೆ. ತಾನು ಮಾತ್ರ ಬರಿ ಬಾಯಲ್ಲಿ ಹಿಂದೆ ಸರಿದು ಗೋಡೆಗೆ ಒರಗುತ್ತಾನೆ.

"ಅಣ್ಣಾ, ನಿಮ್ದು?" ಎಂದು ಬೆಂಚಿನಿಂದ ಒಬ್ಬ ಕೇಳುತ್ತಾನೆ.

"ನಂದು ಮುಗೀತು ಕಣಪ್ಪ. ನಿನ್ನೆ ಊಟ ಆದ್ಮೇಲೆ ಸೇದಿದ್ದೇ ಕೊನೇದು. ನಗಬೇಡಿ. ನಾಳೆ ನಗೋಕೆ ಸ್ವಲ್ಪ ಉಳಿಸ್ಕೊಳ್ಳಿ, ಬೇಕಾಗಬಹುದು."

ಇದು ವೈದ್ಯರು ಬರೆದುಕೊಟ್ಟ ಮಾತ್ರೆಗೇ ದಾಸರಾದವರು ಬಂದು ಇರುವ ಮನೆ. ನೋವಿಗೆ, ನಿದ್ದೆಗೆ, ಗಾಬರಿಗೆ ಎಂದು ಶುರು ಮಾಡಿ, ನೋವು ಹೋದರೂ ಮಾತ್ರೆ ಬಿಡಲಾಗದವರು. ಹದಿನಾಲ್ಕು ಮಂಚ, ಎರಡು ಉದ್ದ ಕೋಣೆ, ಒಂದು ಅಡುಗೆಮನೆ, ಮುಂದುಗಡೆ ಕಚೇರಿ, ಹಿಂದುಗಡೆ ಬಟ್ಟೆ ಒಗೆಯುವ ಕಲ್ಲು. ಇಲ್ಲಿಯ ನರ್ಸ್ ಸಿಸ್ಟರ್ ಕೈಯಿಂದ ಕೊಟ್ಟದ್ದು ಬಿಟ್ಟರೆ ಬೇರೆ ಮಾತ್ರೆ ಬಾಗಿಲು ದಾಟಿ ಬರುವಂತಿಲ್ಲ. ಸಿಗರೇಟಿಗೆ ಮಾತ್ರ ದಿನಕ್ಕೆ ಐದು ಸಲ ಹಿತ್ತಲ ಬಾಗಿಲು ತೆರೆಯುತ್ತದೆ. ಬೆಂಕಿ ಇರುವುದು ಒಬ್ಬನ ಜೇಬಿನಲ್ಲಿ. ಅದಕ್ಕೇ ಅವನಿಗೆ ಬೆಂಕಿಯಣ್ಣ ಎಂದು ಹೆಸರು. ವಯಸ್ಸಿನಲ್ಲಿ ನನಗಿಂತ ಚಿಕ್ಕವನು. ಆದರೆ ಆ ಬೆಂಚಿನಲ್ಲಿ ಒಂದು ಕಾಲಕ್ಕೆ ನಾನೂ ಕೂತವನು, ಹಾಗಾಗಿ ನನಗೂ ಅವನು ಅಣ್ಣನೇ.

ಒಂದು ಹೊತ್ತಿಗೆ ಒಂದೇ ಕಡ್ಡಿ ಎಂಬುದು ಅವನು ಮಾಡಿದ ಕಟ್ಟಳೆ. ಕಡ್ಡಿಯಿಂದ ಅವನು ತನ್ನದನ್ನು ಹಚ್ಚಿಕೊಂಡು, ಅದರಿಂದ ಮೊದಲನೆಯವನಿಗೆ, ಮೊದಲನೆಯವನಿಂದ ಎರಡನೆಯವನಿಗೆ, ಹೀಗೆ ಬೆಂಚಿನ ಕೊನೆಯವರೆಗೆ ಬೆಂಕಿ ಹೋಗುತ್ತದೆ. ತಡವಾಗಿ ಬಂದವನಿಗೆ ಮುಂದಿನ ಹೊತ್ತು. ಹೊಸಬನನ್ನು ಯಾವಾಗಲೂ ಕೊನೆಗೆ ಕೂರಿಸುತ್ತಾನೆ.

"ಹೊಸದಾಗಿ ಬಂದೋರು ಮೂರು ನಾಲ್ಕು ದಿನ ಯಾರ ಮುಖಾನೂ ನೋಡಲ್ಲ. ಗೋಡೆ ಕಡೆ ತಿರುಗಿ ಮಲಗ್ತಾರೆ. ಮೈ ಮುರಿಯುತ್ತೆ, ಬೆವರು, ವಾಂತಿ. ಆದ್ರೆ ಸಿಗರೇಟಿಗೆ ಎದ್ದು ಬರ್ತಾರೆ. ಬಂದ ಮೇಲೆ ಪಕ್ಕದವನನ್ನ ಬೆಂಕಿ ಕೇಳಲೇಬೇಕು. ಎಷ್ಟೋ ಜನ ಈ ಮನೇಲಿ ಆಡಿದ ಮೊದಲನೇ ಮಾತೇ ಅದು, 'ಸ್ವಲ್ಪ ಬೆಂಕಿ ಕೊಡಿ' ಅನ್ನೋದು."

ಬೆಂಕಿ ಕೊಡುವುದು ಅವನ ಕೆಲಸದಲ್ಲಿ ಒಂದು ಚೂರು. ದಿನಕ್ಕೆ ಹದಿನಾಲ್ಕು ಹಾಸು, ಹದಿನಾಲ್ಕು ದಿಂಬಿನ ಚೀಲ, ಬಂದವರ ಮೈಮೇಲಿನ ಬಟ್ಟೆ, ಎಲ್ಲ ಅವನೇ ಒಗೆಯುವುದು. ಒದ್ದೆ ಬಟ್ಟೆಯ ಬಕೆಟ್ ಹೊತ್ತು ಇಪ್ಪತ್ತೆರಡು ಮೆಟ್ಟಿಲು ಹತ್ತಿ ತಾರಸಿಯ ಮೇಲೆ ಹರವುತ್ತಾನೆ. ಬೆಂಚಿನ ಕೆಳಗಿನ ಮರಳು ಡಬ್ಬಿಯಿಂದ ಸೇದಿ ಬಿಟ್ಟ ಮೋಟು ಆರಿಸುತ್ತಾನೆ, ದಿನಕ್ಕೆ ಮೂವತ್ತೈದು ನಲವತ್ತು. ಮೋಟು ನೋಡಿಯೇ ಅವನಿಗೆ ಸಮಾಚಾರ ಗೊತ್ತಾಗುತ್ತದೆ. ಹಲ್ಲಿನ ಗುರುತು ಬಿದ್ದಿದ್ದರೆ ಅವನಿಗೆ ನಿದ್ದೆ ಬಂದಿಲ್ಲ. ಅರ್ಧ ಸೇದಿ ತಿಕ್ಕಿ ಆರಿಸಿದ್ದರೆ ಮನೆಯಿಂದ ಫೋನು ಬಂದಿದೆ. ಇದನ್ನೆಲ್ಲ ಅವನಿಗೆ ಯಾರೂ ಹೇಳಿಕೊಟ್ಟಿಲ್ಲ.

ಅವನೂ ಬಂದದ್ದು ರೋಗಿಯಾಗಿಯೇ. ಮೊದಲು ಮನೆ ಬದಲಿಸುವವರ ಸಾಮಾನು ಹೊರುತ್ತಿದ್ದ. ಬೀರು, ಮಂಚ, ಫ್ರಿಜ್ಜು. ಒಂದು ದಿನ ಮೂರನೇ ಮಹಡಿಯ ತಿರುವಿನಲ್ಲಿ ಬೀರು ಕೈಜಾರಿ ಸೊಂಟಕ್ಕೆ ಬಂತು. ಡಾಕ್ಟರು ನೋವಿಗೆ ದಿನಕ್ಕೆ ಎರಡು ಮಾತ್ರೆ ಬರೆದುಕೊಟ್ಟರು. ಎರಡು ನಾಲ್ಕಾಯಿತು. ಸೊಂಟ ವಾಸಿಯಾಗುವ ಹೊತ್ತಿಗೆ ಹದಿನೆಂಟಾಗಿತ್ತು. ಹೆಂಡತಿ ಮಗಳನ್ನು ಕರೆದುಕೊಂಡು ತವರಿಗೆ ಹೋದಳು. "ಹೋಗಿದ್ದು ಸರೀನೇ," ಎನ್ನುತ್ತಾನೆ. "ನಾನಾಗಿದ್ರೆ ಇನ್ನೂ ಮುಂಚೆ ಹೋಗ್ತಿದ್ದೆ."

ಈ ಮನೆಯಲ್ಲಿ ಐವತ್ತೈದು ದಿನ ಇದ್ದು ಮಾತ್ರೆ ಬಿಟ್ಟ, ಆಮೇಲೆ ಇಲ್ಲೇ ಕೆಲಸಕ್ಕೆ ನಿಂತ. ಬಿಡುವಾಗ ಎಲ್ಲರೂ ಹೇಳಿದ ಮಾತು ಒಂದೇ: ಸಿಗರೇಟು ಸೇದಿಕೋ, ಮಾತ್ರೆ ಒಂದು ಹೋದರೆ ಸಾಕು, ಎರಡನ್ನೂ ಒಟ್ಟಿಗೆ ಕಿತ್ತುಕೊಂಡರೆ ಬದುಕುವುದಿಲ್ಲ. ಅವನು ನಂಬಿದ. ದಿನಕ್ಕೆ ಆರು ಇದ್ದದ್ದು ಇಪ್ಪತ್ತನಾಲ್ಕಾಯಿತು. ಮಾತ್ರೆಯ ಆಸೆ ಬಂದಾಗಲೆಲ್ಲ ಒಂದು ಹಚ್ಚಿದ, ಆಸೆ ಹೋಯಿತು. ಹನ್ನೊಂದು ವರ್ಷ ಹೀಗೇ ಕಳೆಯಿತು. ಸಿಗರೇಟು ಬಿಟ್ಟ ದಿನ ಮಾತ್ರೆ ತಿರುಗಿ ಬಂದು ಕತ್ತು ಹಿಡಿಯುತ್ತದೆ ಎಂಬುದು ಅವನ ಎದೆಯೊಳಗೆ ಗಟ್ಟಿಯಾಗಿ ಕೂತುಬಿಟ್ಟಿತು.

ಅಷ್ಟರಲ್ಲಿ ಮೆಟ್ಟಿಲು ಅವನನ್ನು ಮಾತಾಡಿಸತೊಡಗಿತು. ಮೊದಲು ಹದಿನೈದನೇ ಮೆಟ್ಟಿಲಲ್ಲಿ ನಿಲ್ಲುತ್ತಿದ್ದವನು ಆಮೇಲೆ ಒಂಬತ್ತರಲ್ಲೇ ಬಕೆಟ್ ಇಳಿಸತೊಡಗಿದ. ದೊಡ್ಡವಳಾಗಿ ಬೇಕರಿಯಲ್ಲಿ ಕೆಲಸಕ್ಕೆ ಸೇರಿದ ಮಗಳು ಈಗ ದಿನಾ ಸಂಜೆ ತಾನೇ ಫೋನು ಮಾಡುತ್ತಾಳೆ. ಅವಳೇ ಒಂದು ದಿನ ಕೇಳಿದಳಂತೆ, "ಅಪ್ಪಾ, ನೀನು ಮಾತಾಡ್ತಿದೀಯೋ ಗರಗಸ ಎಳೀತಿದೀಯೋ?"

ಮನೆಯ ಡಾಕ್ಟರಮ್ಮ ಎದೆ ಪರೀಕ್ಷಿಸಿ, ಬಿಡಬೇಕು ಎಂದರು. ಬಿಟ್ಟರೆ ಮಾತ್ರೆ ತಿರುಗಿ ಬರುತ್ತದೆ ಎಂದು ಇವನು ಹಟ ಹಿಡಿದ. ಅದಕ್ಕೆ ಸಿಸ್ಟರ್ ಹೇಳಿದ ಮಾತನ್ನು ಇವನು ಈಗಲೂ ಬೆಂಚಿನಲ್ಲಿ ಕೂತವರಿಗೆ ಹೇಳುತ್ತಾನೆ: "ನೀವು ಸಿಗರೇಟನ್ನ ಕಾವಲುಗಾರ ಅಂದ್ಕೊಂಡಿದೀರಿ ಅಣ್ಣಾ. ಅವನು ಕಳ್ಳನ ಕಡೆಯವನೇ. ಆಸೆ ಬಂದ ತಕ್ಷಣ ಏನಾದ್ರೂ ಒಳಗೆ ಹಾಕ್ಕೋ ಅನ್ನೋ ಪಾಠಾನ ದಿನಕ್ಕೆ ಇಪ್ಪತ್ತನಾಲ್ಕು ಸಲ ಓದಿಸ್ತಾ ಇದಾನೆ."

ಚಟ ಬಿಡಲು ನಿಕೋಟಿನ್ ಪಟ್ಟಿ ಕೊಟ್ಟರು. ಮೈಗೆ ಅಂಟಿಸಿಕೊಳ್ಳುವಂಥದ್ದು, ದಿನಕ್ಕೊಂದು. ಅಂಟಿಸಿಕೊಂಡ ಮೂರು ದಿನ ಬೆಂಕಿಯಣ್ಣ ಮನೆ ತುಂಬ ಅದರ ಗುಣಗಾನ ಮಾಡಿಕೊಂಡು ಓಡಾಡಿದ. ಸಿಗರೇಟಿನ ಆಸೆ ಇನ್ನೂ ಇದೆ, ಆದರೆ ಸೊಂಟ ಹೂವಿನ ಹಾಗಾಗಿದೆ ಎಂದ. ಸಿಸ್ಟರ್‌ಗೆ ಅನುಮಾನ ಬಂತು.

"ಪಟ್ಟಿ ಎಲ್ಲಿ ಹಾಕಿದೀರಿ?"

"ಎಲ್ಲಿ ಅಂದ್ರೆ? ನೋವಿರೋ ಜಾಗಕ್ಕೆ."

ಅಂಗಿ ಎತ್ತಿ ತೋರಿಸಿದ. ಮೂರು ದಿನದ ಮೂರು ಪಟ್ಟಿ ಅಂಟಿದ ಕೆಂಪು ಗುರುತು ಸೊಂಟದ ಮೇಲೆ ಸಾಲಾಗಿ ಇತ್ತು. ಬಾಗಿಲಲ್ಲಿ ನಿಂತಿದ್ದ ಅಡುಗೆ ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕದ್ದೇ ನಕ್ಕದ್ದು. "ಸದ್ಯ, ಸೊಂಟದಿಂದ ಸೇದ್ತಿರಲಿಲ್ವಲ್ಲ ನೀವು," ಎಂದಳು. ಎಲ್ಲಿ ಅಂಟಿಸಿದರೂ ಕೆಲಸ ಮಾಡುತ್ತದೆ, ಆದರೆ ಅದು ಸೊಂಟನೋವಿನ ಔಷಧವಲ್ಲ ಎಂದು ಸಿಸ್ಟರ್ ತೋಳು ತೋರಿಸಿದರು. ಇವನು ಪಟ್ಟಿಯ ಡಬ್ಬಿಯನ್ನು ಅವರ ಮೇಜಿನ ಮೇಲೆ ಇಟ್ಟುಬಿಟ್ಟ.

"ಇದು ನನ್ನ ಹತ್ರ ಬೇಡ ಸಿಸ್ಟರ್. ಇದೂ ಔಷಧೀನೇ. ಡಬ್ಬಿ ನನ್ನ ಕೈಲಿದ್ರೆ ಒಂದು ಎರಡಾಗುತ್ತೆ, ನನ್ನ ಬಗ್ಗೆ ನನಗೆ ಗೊತ್ತು. ದಿನಾ ಬೆಳಿಗ್ಗೆ ನೀವೇ ಒಂದು ಹಚ್ಚಿ."

ಇಂದಿಗೂ ಹಾಗೆಯೇ ನಡೆಯುತ್ತಿದೆ. ಆರು ಗಂಟೆಗೆ ಬೆಂಚು ಖಾಲಿಯಾದ ಮೇಲೆ ಕಚೇರಿಗೆ ಹೋಗಿ ಅಂಗಿಯ ತೋಳು ಮಡಚಿ ನಿಲ್ಲುತ್ತಾನೆ, ಶಾಲೆಯಲ್ಲಿ ಸೂಜಿ ಹಾಕಿಸಿಕೊಳ್ಳಲು ನಿಂತ ಮಗುವಿನ ಹಾಗೆ. ದೊಡ್ಡ ಪಟ್ಟಿ ಮುಗಿದು ಈಗ ನಡುವಿನ ಅಳತೆಯದು. ಆಮೇಲೆ ಚಿಕ್ಕದು, ಆಮೇಲೆ ಏನೂ ಇಲ್ಲ.

ಆದರೆ ಅವನಿಗಿದ್ದ ಭಯ ಸುಳ್ಳು ಎಂದು ಗೊತ್ತಾದದ್ದು ಪಟ್ಟಿಯಿಂದಲ್ಲ. ಸಿಗರೇಟು ಬಿಟ್ಟ ಹತ್ತೊಂಬತ್ತನೇ ದಿನದ ಬೆಳಿಗ್ಗೆ ನಡೆದದ್ದನ್ನು ಅವನು ನನಗೆ ಒಗೆಯುವ ಕಲ್ಲಿನ ಪಕ್ಕದಲ್ಲೇ ನಿಂತು ಹೇಳುತ್ತಾನೆ, ಕೈಯಲ್ಲಿ ಒದ್ದೆ ಬಟ್ಟೆ ಹಿಂಡುತ್ತಲೇ.

ಹಿಂದಿನ ದಿನ ಒಬ್ಬ ದರ್ಜಿ ಬಂದು ಸೇರಿದ್ದ. ಮೂವತ್ತು ದಾಟಿದವನು, ಕತ್ತು ಬಗ್ಗಿಸಿ ಹೊಲಿದು ಹೊಲಿದು ನೋವು ಬಂದು, ಮಾತ್ರೆಗೆ ಬಿದ್ದವನು. ಅವನ ಅಂಗಿ ಒಗೆಯಲು ತೆಗೆದುಕೊಂಡಾಗ ಕಾಲರು ಕೈಗೆ ಭಾರವಾಗಿ ಹತ್ತಿತು. ಬಿಚ್ಚಿ ನೋಡಿದರೆ ಒಳಗೆ ಹನ್ನೆರಡು ಮಾತ್ರೆ. ಒಂದೊಂದನ್ನೂ ಅದರ ಪ್ಲಾಸ್ಟಿಕ್ ಹಾಳೆಯ ಸಮೇತ ದುಂಡಗೆ ಕತ್ತರಿಸಿ, ಒಂದೊಂದಕ್ಕೂ ಬೇರೆ ಬೇರೆ ಮನೆ ಮಾಡಿ ಹೊಲಿದಿದ್ದ.

"ನಾನು ನುಂಗ್ತಿದ್ದ ಮಾತ್ರೇನೇ. ಅದೇ ಹಳದಿ. ಹನ್ನೊಂದು ವರ್ಷ ಆದ್ಮೇಲೆ ಕೈಲಿ ಹಿಡಿದಿದ್ದು. ಎದೆ ಹೊಡ್ಕೊಳ್ಳೋಕೆ ಶುರುವಾಯ್ತು. ಬಾಯಲ್ಲಿ ನೀರು ಬಂತು ನೋಡಿ, ನಾಯಿಗೆ ಬಂದ ಹಾಗೆ. ಮೊದಲೆಲ್ಲ ಆಗಿದ್ರೆ ಒಂದು ಸಿಗರೇಟು ಹಚ್ತಿದ್ದೆ. ಜೇಬಲ್ಲಿ ಬೆಂಕಿಪೊಟ್ಟಣ ಇತ್ತು. ಡಬ್ಬೀಲಿ ಅರ್ಧ ಸೇದಿದ ಮೋಟು ಇತ್ತು. ಬೆಂಚಿನ ಹತ್ರ ಹೋಗಿ ಬಗ್ಗಿದೆ ಕೂಡ. ಆಮೇಲೆ ಅನ್ನಿಸ್ತು, ಇವತ್ತು ಇದನ್ನ ಹಚ್ಚಿದ್ರೆ ಸಿಸ್ಟರ್ ಹೇಳಿದ ಆ ಕಳ್ಳನ ಪಾಠಕ್ಕೆ ನಾನೇ ರುಜು ಹಾಕಿದ ಹಾಗೆ."

ಕಲ್ಲಿನಿಂದ ಕಚೇರಿಗೆ ನಲವತ್ತು ಹೆಜ್ಜೆ. ಆ ನಲವತ್ತು ಹೆಜ್ಜೆ ಒಬ್ಬನೇ ನಡೆದರೆ ಹನ್ನೆರಡು ಮಾತ್ರೆ ಹನ್ನೆರಡಾಗಿಯೇ ಕಚೇರಿ ಸೇರುತ್ತವೆ ಎಂಬ ಧೈರ್ಯ ಅವನಿಗೆ ಬರಲಿಲ್ಲ. ನಿಂತಲ್ಲಿಂದಲೇ ಅಡುಗೆಮನೆಯ ಕಿಟಕಿಗೆ ಕೂಗಿದ.

"ಅಕ್ಕಾ, ಸ್ವಲ್ಪ ಬರ್ತೀಯಾ?"

"ಹಿಟ್ಟು ಕಲಸ್ತಿದೀನಿ. ಏನು?"

"ಹಾಗೇ ಬಾ."

ದನಿ ಕೇಳಿಯೇ ಅವಳು ಹಿಟ್ಟಿನ ಕೈಯಲ್ಲೇ ಬಂದಳು. ಅವನು ಅಂಗೈ ಬಿಚ್ಚಿ ತೋರಿಸಿದ. ಅವಳು ನೋಡಿದಳು, ಅವನ ಮುಖವನ್ನೂ ನೋಡಿದಳು. ಹಿಟ್ಟು ಮೆತ್ತಿದ ಕೈಯಲ್ಲಿ ಅವನ ಮುಷ್ಟಿಯನ್ನು ಮುಚ್ಚಿ ಹಿಡಿದುಕೊಂಡಳು. ಇಬ್ಬರೂ ಹಾಗೆಯೇ ಅಂಗಳ ದಾಟಿದರು.

"ನಡುವೆ ಒಂದು ಸಲ ಕಾಲು ನಿಂತುಬಿಡ್ತು," ಎನ್ನುತ್ತಾನೆ. ಅಡುಗೆ ಅಕ್ಕ ಕಿಟಕಿಯಿಂದಲೇ ಮಾತು ಸೇರಿಸುತ್ತಾಳೆ: "ನಿಂತಾಗ ನಾನು ಏನಂದೆ ಅದನ್ನೂ ಹೇಳಿ. 'ಹಿಟ್ಟು ಒಣಗ್ತಿದೆ, ಬೇಗ ನಡೀರಿ' ಅಂದೆ. ಇನ್ನೇನು ಹೇಳ್ಬೇಕಿತ್ತು ನಾನು? ಎದೆಯೊಳಗೆ ನನಗೂ ಡವಡವ ಅಂತಿತ್ತು."

ಸಿಸ್ಟರ್ ಹಿಟ್ಟು ಹತ್ತಿದ ಹನ್ನೆರಡು ಮಾತ್ರೆ ಎಣಿಸಿಕೊಂಡರು. ಬೆಂಕಿಯಣ್ಣ ಅಲ್ಲೇ ಕುರ್ಚಿಯಲ್ಲಿ ಕೂತು ಸ್ವಲ್ಪ ಹೊತ್ತು ಅತ್ತ. ಆಸೆ ಬಂದಿತ್ತು, ಹೋಗಿತ್ತು, ನಡುವೆ ಹೊಗೆ ಇರಲಿಲ್ಲ.

ಮಾತ್ರೆ ಒಳಗೆ ತಂದವರನ್ನು ಮನೆಗೆ ಕಳಿಸುವುದು ಅಲ್ಲಿಯ ನಿಯಮ. ದರ್ಜಿಯ ಹೆಸರು ಪುಸ್ತಕದಿಂದ ಹೊಡೆಯಲು ಸಿಸ್ಟರ್ ಪೆನ್ನು ತೆಗೆದಾಗ ಇವನು ಕಣ್ಣು ಒರೆಸಿಕೊಂಡು ಎದ್ದು ನಿಂತ. "ಇಲ್ಲಿಂದ ಕಳಿಸಿದ್ರೆ ಅವನು ಮನೆಗೆ ಹೋಗಲ್ಲ ಸಿಸ್ಟರ್, ಸೀದಾ ಮಾತ್ರೆ ಅಂಗಡಿಗೆ ಹೋಗ್ತಾನೆ. ಒಂದು ಸಲ ನನ್ನ ಮುಖ ನೋಡಿ ಬಿಡಿ." ಸಿಸ್ಟರ್ ಡಾಕ್ಟರಮ್ಮನಿಗೆ ಫೋನು ಮಾಡಿದರು. ಅರ್ಧ ಗಂಟೆಯ ನಂತರ ಪೆನ್ನಿನ ಮುಚ್ಚಳ ಹಾಕಿದರು.

ಮಂಚದ ಮೇಲೆ ತಲೆ ತಗ್ಗಿಸಿ ಕೂತಿದ್ದ ದರ್ಜಿಯ ಹತ್ತಿರ ಹೋಗಿ ಬೆಂಕಿಯಣ್ಣ ಬಿಚ್ಚಿದ ಕಾಲರಿನ ಅಂಗಿಯನ್ನು ಅವನ ತೊಡೆಯ ಮೇಲೆ ಇಟ್ಟ.

"ಹೊಲಿಗೆ ಏನು ಚೆನ್ನಾಗಿದೆಯಪ್ಪಾ! ಬಿಚ್ಚೋಕೆ ಮನಸ್ಸೇ ಬರಲಿಲ್ಲ."

ದರ್ಜಿ ಬಿಚ್ಚಿದ ನೂಲನ್ನು ಬೆರಳಿಗೆ ಸುತ್ತಿಕೊಂಡ.

"ಸಿಗರೇಟು ಬಿಟ್ಟಾಗಿಂದ ಹಸಿವು ಜಾಸ್ತಿ ನನಗೆ. ಪ್ಯಾಂಟು ಸೊಂಟಕ್ಕೆ ಬರ್ತಿಲ್ಲ. ಎರಡು ಬೆರಳು ಅಗಲ ಮಾಡ್ಕೊಡ್ತೀಯಾ?"

ಆಗ ದರ್ಜಿ ಬಾಯಿಬಿಟ್ಟ. "ಒಳಗೆ ಬಟ್ಟೆ ಬಿಟ್ಟಿದ್ರೆ ಮಾಡಬಹುದು," ಎಂದ. ಅವನು ಈ ಮನೆಯಲ್ಲಿ ಆಡಿದ ಮೊದಲ ಮಾತು ಅದು.

ಆಮೇಲೆ ಅವನು ನಲವತ್ತೊಂಬತ್ತು ದಿನ ಇದ್ದ. ಮೊದಲ ಹತ್ತು ದಿನ ನರಳಿದ, ಬೈದ, ಎರಡು ಸಲ ಗೇಟಿನವರೆಗೆ ಹೋಗಿ ಬಂದ. ಬೆಂಕಿಯಣ್ಣ ಹಿಂದೆ ಹಿಂದೆ ಹೋಗುತ್ತಿದ್ದ, ಕರೆಯುತ್ತಿರಲಿಲ್ಲ. ಕತ್ತು ನೋಯದ ಹಾಗೆ ಕೂರುವುದನ್ನೂ ಮೇಜನ್ನು ಎತ್ತರ ಮಾಡಿಕೊಳ್ಳುವುದನ್ನೂ ಡಾಕ್ಟರಮ್ಮ ಹೇಳಿಕೊಟ್ಟರು. ಮನೆಯ ಹರಿದ ಹಾಸುಗಳೆಲ್ಲ ಹೊಲಿಗೆ ಕಂಡವು. ಅಡುಗೆ ಅಕ್ಕನಿಗೆ ಜೇಬಿರುವ ಏಪ್ರನ್ನು ಸಿಕ್ಕಿತು.

ಬೆಂಚು ಈಗಲೂ ಇದೆ. ಡಾಕ್ಟರಮ್ಮ ಇಲ್ಲಿಯವರ ಸಿಗರೇಟನ್ನು ಇನ್ನೂ ನಿಲ್ಲಿಸಿಲ್ಲ, ಆದರೆ ಬಿಡುತ್ತೇನೆ ಎಂದವರಿಗೆ ಮೊದಲಿನ ಹಾಗೆ ಬೇಡ ಎನ್ನುವವರು ಯಾರೂ ಇಲ್ಲ. ಈ ತಿಂಗಳು ಇಬ್ಬರು ತೋಳಿಗೆ ಪಟ್ಟಿ ಹಾಕಿಸಿಕೊಳ್ಳುತ್ತಿದ್ದಾರೆ. ಬೆಂಕಿಯಣ್ಣ ಗಾಳಿ ನೋಡಿಕೊಂಡು ಹೊಗೆ ಬಾರದ ಕಡೆ ನಿಲ್ಲುತ್ತಾನೆ. ಸೇದುವವರನ್ನು ಒಂದು ಮಾತೂ ಆಡುವುದಿಲ್ಲ. ಬಕೆಟ್ ಹೊತ್ತರೆ ಈಗ ಹದಿನೇಳನೇ ಮೆಟ್ಟಿಲಿನವರೆಗೆ ಉಸಿರು ಬರುತ್ತದೆ. ಇನ್ನೇನು ಆಸೆ ಎಂದು ಕೇಳಿದರೆ, "ಇನ್ನು ಐದು ಮೆಟ್ಟಿಲು," ಎನ್ನುತ್ತಾನೆ.

ದರ್ಜಿಯನ್ನು ಕರೆದುಕೊಂಡು ಹೋಗಲು ಅವನ ಅಕ್ಕ ಬಂದಿದ್ದಳು. ತಿಂಡಿ ಮುಗಿಸಿ, ಎಲ್ಲರಿಗೂ ಹೇಳಿ, ಚೀಲ ಹೆಗಲಿಗೆ ಹಾಕಿಕೊಂಡ. ಮೇಲಿನ ಜೇಬಿನಲ್ಲಿ ಸಿಗರೇಟಿನ ಪ್ಯಾಕು ಎದ್ದು ಕಾಣುತ್ತಿತ್ತು.

"ನೋಡಿದೆ," ಎನ್ನುತ್ತಾನೆ ಬೆಂಕಿಯಣ್ಣ. "ಅವನೂ ನಾನು ನೋಡಿದ್ದು ನೋಡ್ದ. 'ಅಣ್ಣಾ, ಇದೊಂದು ಇನ್ನೂ ಆಗಿಲ್ಲ' ಅಂದ. ಆಗುತ್ತೆ ಹೋಗು ಅಂದೆ. ಹನ್ನೊಂದು ವರ್ಷ ಹಿಡೀತು ನನಗೆ, ದಡ್ಡ ನಾನು. ಅವನು ಚುರುಕು, ಅಷ್ಟು ದಿನ ತಗೊಳ್ಳಲ್ಲ. ಬಿಟ್ಟ ದಿನ ಫೋನ್ ಮಾಡು, ಎಷ್ಟು ಹೊತ್ತಾದ್ರೂ ಪರವಾಗಿಲ್ಲ ಅಂತ ಹೇಳಿ ಕಳಿಸಿದೀನಿ."

ದರ್ಜಿ ಹೋದದ್ದು ಬುಧವಾರ, ಮಾತ್ರೆ ಅಂಗಡಿಗಲ್ಲ, ಅಕ್ಕನ ಜೊತೆ ಸೀದಾ ಮನೆಗೆ.