ಶಾಂತಾ ಓದುತ್ತಿದ್ದ ಪೇಪರು

ಇವತ್ತು ಕೊಪ್ಪಳ ಬಸ್ ನಿಲ್ದಾಣದಲ್ಲಿ ಮಿರ್ಚಿ ಕಟ್ಟಿಕೊಟ್ಟ ಪೇಪರಿನಲ್ಲಿ, ದೆಹಲಿಯ ದೊಡ್ಡ ನಾಯಕರೊಬ್ಬರ ತನಿಖೆ ನಡೆಯಬೇಕೋ ಬೇಡವೋ ಎಂಬ ಸುದ್ದಿಯಿತ್ತು. ಎಣ್ಣೆಗೆ ನೆನೆದ ಶಾಯಿಯ ವಾಸನೆ ನನ್ನನ್ನು ಯಲಬುರ್ಗಾದ ನಮ್ಮ ಮನೆಯ ಕಟ್ಟೆಗೆ ಎಳೆದೊಯ್ದಿತು.

ನಾನು ಚಿಕ್ಕವಳಿದ್ದಾಗಲೂ ಇಂಥವರೇ ಒಬ್ಬ ನಾಯಕರ ಮೇಲೆ ಆರೋಪ. ಮಧ್ಯಾಹ್ನದ ಬಸ್ಸಿಗೆ ಪೇಪರು ಬಂದರೆ, ಕಣ್ಣಿಗೆ ಪೊರೆ ಬಂದಿದ್ದ ಅಜ್ಜ ನನ್ನನ್ನು ಬಿಟ್ಟು ಪಕ್ಕದ ಮನೆಯ ಶಾಂತಾಳನ್ನು ಕರೆಯುತ್ತಿದ್ದ.

"ನೀ ಭಾಳ ತಡವರಸ್ತಿ. ಶಾಂತಾ ಛಲೋ ಓದತಾಳ."

ಅವಳು ಓದಿದ್ದೇ ತಡ, ಕಟ್ಟೆಯ ಮೇಲೆ ಕೂತ ಊರವರ ಜಗಳ.

"ಅಷ್ಟ್ ದೊಡ್ಡವ್ರಿಗೆ ತನಿಖಿ ಯಾಕ್ರಿ?"

"ದೊಡ್ಡವ್ರದ್ದ ಮೊದ್ಲ ಆಗ್ಬೇಕು," ಎನ್ನುತ್ತಿದ್ದ ಅಜ್ಜ.

ನನಗೆ ಕಾಣುತ್ತಿದ್ದುದು ಶಾಂತಾಳ ಬಾಯಿ ಮಾತ್ರ. ಹೊಟ್ಟೆ ಉರಿಯುತ್ತಿತ್ತು. ಒಂದು ದಿನ ಆ ಸುದ್ದಿಯ ಹಾಳೆಯನ್ನೇ ಬಚ್ಚಲ ಒಲೆಗೆ ಹಾಕಿದೆ. ಶಾಂತಾಳೇ ಕಳೆದಳೆಂದು ಎಲ್ಲರೂ ಗದರಿದರು. ಅವಳು ಅಳುತ್ತಾ ಹೋದಳು. ಅಜ್ಜ ನನ್ನ ಕೈ ಹಿಡಿದು ಮೂಸಿದ. ಸುಟ್ಟ ಕಾಗದದ ವಾಸನೆ.

"ಹೋಗ್ಲಿ ಬಿಡ್ರಿ, ಸಣ್ಣ ಮಾತು," ಎಂದ.

ಮರುದಿನದಿಂದ ಪೇಪರು ಓದಿದವಳು ನಾನು.

ಮಿರ್ಚಿ ತಿನ್ನುತ್ತಾ ಮೊಬೈಲು ತೆರೆದರೆ ಅದೇ ತನಿಖೆಯ ಚರ್ಚೆ. ಈಗ ವಕೀಲೆಯಾಗಿರುವ ಶಾಂತಾ ಒಮ್ಮೆಯೂ ತಡವರಿಸದೆ ಹೇಳುತ್ತಿದ್ದಳು: "ಯಾರೇ ಇರಲಿ, ತನಿಖೆ ಆಗಲೇಬೇಕು."

ನಾನು ಅವಳ ದನಿ ಬಂದ್ ಮಾಡಿದೆ.