ಜೊಂಡಿನಾಚೆಯ ಕೂಗು

ಸಿಳ್ಳೆ ಮಾವ ಅಂದರೆ ಹಕ್ಕಿಯ ಬಾಯನ್ನೇ ಕಡ ತಂದವನು. ಚಳಿಗಾಲಕ್ಕೆ ದೂರದ ಸೀಮೆಯಿಂದ ಕೆಸರು ದಂಡೆಗೆ ಇಳಿಯುತ್ತಿದ್ದ ಬಾಗುಕೊಕ್ಕಿನ ಹಕ್ಕಿಗಳನ್ನು ಅವುಗಳದೇ ದನಿಯಲ್ಲಿ ಕರೆದು, ಬಲೆಗೆ ಕೆಡವಿ ಸಂಸಾರ ಸಾಕಿದವನು. ಈಗ ಹಕ್ಕಿಗಳೇ ಇಲ್ಲ. ಅವುಗಳನ್ನು ಹುಡುಕಲು ಬಂದ ಹಕ್ಕಿ ಸಂಶೋಧಕಿ ಮೇಡಂ ಅವನನ್ನೇ ಕೂಲಿಗೆ ಕರೆದರು.

"ಈ ಸಲವೂ ಒಂದೂ ಕಾಣದಿದ್ರೆ, ಈ ಜಾತಿ ಅಳಿದುಹೋಯ್ತು ಅಂತ ವರದೀಲಿ ನಾನೇ ಬರೀಬೇಕಾಗುತ್ತೆ ಯಜಮಾನ್ರೇ."

ಮಾವ ದಿನಾ ಬೆಳಗ್ಗೆ ದಂಡೆಯಲ್ಲಿ ಕೂತು ಹಕ್ಕಿಯ ಸಿಳ್ಳೆ ಊದಿದ. ಚಳಿಗಾಲ ಮುಗಿಯುತ್ತ ಬಂದಾಗ ಒಂದು ದಿನ ಆಚೆಯ ಜೊಂಡಿನಿಂದ ಉತ್ತರ ಬಂತು. ಇವನು ಕರೆದ, ಅದು ಓಗೊಟ್ಟಿತು. ಮೇಡಂ ಅವನ ತೋಳು ಹಿಡಿದುಕೊಂಡರು. ಇಬ್ಬರೂ ಮೊಣಕಾಲುದ್ದ ಕೆಸರಲ್ಲಿ ಸದ್ದಿಲ್ಲದೆ ನಡೆದು ಜೊಂಡು ಸರಿಸಿದರು.

ಬಲೆ ಹಿಡಿದು ಕೂತಿದ್ದವನು ಪಕ್ಕದೂರಿನ ಬಾಮೈದ. ಅವನಿಗೆ ಸಿಳ್ಳೆ ಕಲಿಸಿದ್ದು ಮಾವನೇ.

"ನೀವಾ ಭಾವ?" ಅವನ ಮುಖ ಇಳಿಯಿತು. "ಎಷ್ಟೋ ವರ್ಷಕ್ಕೆ ಒಂದು ಕೂಗ್ತಿದೆ, ಬಿಡಬಾರದು ಅಂತ ಓಡಿಬಂದೆ."

"ಗುರುವಿಗೇ ಬಲೆ ಬೀಸ್ದೆಯಲ್ಲೋ" ಎಂದ ಮಾವ. ಯಾರೂ ನಗಲಿಲ್ಲ.

ಮೇಡಂ ರೆಕಾರ್ಡಿಂಗ್ ಒತ್ತಿ ಫೋನನ್ನು ಮಾವನ ಬಾಯಿಯ ಹತ್ತಿರ ಹಿಡಿದರು. "ಬರೆಯೋಕೆ ಮುಂಚೆ ಇನ್ನೊಂದ್ಸಲ ಊದಿ. ಹಕ್ಕಿಯ ದನಿಯಾದ್ರೂ ಉಳೀಲಿ."

ಮಾವ ತುಟಿ ಮಡಚಿದ. ಬರೀ ಗಾಳಿ ಬಂತು.